ಡೆಲ್ಮರ್ ತೀಮನ್ನನ ಗಟ್ಟಿ ಕೋಳಿಗಳು

ಡೆಲ್ಮರ್ ತೀಮನ್ನನಿಗೆ ಕೋಳಿಗಳ ಮೇಲಿದ್ದಷ್ಟು ನಂಬಿಕೆ ಓದಿದವರ ಮೇಲೆ ಇರಲಿಲ್ಲ. ಇದಕ್ಕೆ ಅವನನ್ನು ಬೈಯುವಂತಿಲ್ಲ. ಅಮೆರಿಕದ ಮಿಸೌರಿಯ ಒಂದು ವಿಶ್ವವಿದ್ಯಾಲಯದ ಫಾರ್ಮಿನಲ್ಲಿ ಇಪ್ಪತ್ತೇಳು ವರ್ಷ ಕೋಳಿ ಸಾಕಿದವನು ಅವನು. ಅಷ್ಟು ವರ್ಷಗಳಲ್ಲಿ ಎಷ್ಟು ಜನ ಡಾಕ್ಟರುಗಳು ನೋಟ್‌ಬುಕ್ಕು ಹಿಡಿದು ಬಂದರೋ, ಅವರಲ್ಲಿ ಎಷ್ಟು ಜನ ಹುಂಜ ಯಾವುದು ಹೇಂಟೆ ಯಾವುದು ಎಂದು ಅವನನ್ನೇ ಕೇಳಿದರೋ, ಲೆಕ್ಕವಿಲ್ಲ. ಕೇಳಿದವರಿಗೆ ಅವನು ಮರ್ಯಾದೆಯಿಂದಲೇ ಹೇಳುತ್ತಿದ್ದ. ಆಮೇಲೆ ಮನೆಗೆ ಹೋಗಿ ಹೆಂಡತಿ ವೆರ್ನಾಳಿಗೆ ಹೇಳುತ್ತಿದ್ದ, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅರವತ್ತೊಂದು ವಯಸ್ಸು, ಕೊಕ್ಕರೆ ಕಾಲು, ಮೂಗಿನ ತುದಿಯಲ್ಲೇ ಕೋಪ. ಅವನ ಅಪ್ಪ, ಅಜ್ಜ ಎಲ್ಲ ನದಿಯಾಚೆಯ ಜರ್ಮನ್ ವಲಸಿಗರ ಹಳ್ಳಿಯ ರೈತರು. ಆ ಕಡೆಯವರಿಗೆ ಕೋಳಿಮನೆಗೆ ಸುಣ್ಣ ಹೊಡೆಯುವುದೆಂದರೆ ಮಗುವಿಗೆ ಜ್ಞಾನಸ್ನಾನ ಮಾಡಿಸಿದಷ್ಟೇ ಮುಖ್ಯ. ಸುಣ್ಣ, ಒಂದು ಹಿಡಿ ಉಪ್ಪು, ಕೆನೆ ತೆಗೆದ ಹಾಲು. ಹಾಗೆ ಹೊಡೆದರೆ ಹೇನು ಹತ್ತುವುದಿಲ್ಲ, ವಾಸನೆ ನಿಲ್ಲುವುದಿಲ್ಲ, ಬಂದವರು ಮೂಗು ಮುರಿಯುವುದಿಲ್ಲ. ಊರವರು ವರ್ಷಕ್ಕೊಮ್ಮೆ ಹೊಡೆದರೆ ಡೆಲ್ಮರ್ ಹೊಸ ಕೋಳಿಗಳು ಬಂದಾಗಲೆಲ್ಲ ಹೊಡೆಯುತ್ತಿದ್ದ.

"ನಿಮ್ಮನೆಗೆ ನೆಂಟ್ರು ಬಂದ್ರೆ ಮಾಸಿದ ಚಾದರ ಹಾಸ್ತೀರಾ?" ಎಂದು ಕೇಳುತ್ತಿದ್ದ. ಆ ನೆಂಟರು ಮೂರು ವಾರ ಉಂಡು ಕತ್ತು ಕೊಡಲು ಬಂದವರು ಎಂಬುದು ಬೇರೆ ಮಾತು.

ಸಾವಿರದ ಒಂಬೈನೂರ ಎಂಬತ್ತಾರರ ಏಪ್ರಿಲ್‌ನಲ್ಲಿ ಕೊಲೀನ್ ಡಾಹರ್ಟಿ ಎಂಬ ಹೊಸ ಡಾಕ್ಟರು ಪಟ್ಟಣದ ಪ್ರಯೋಗಾಲಯದಿಂದ ಫಾರ್ಮಿಗೆ ಬಂದಳು. ಇಪ್ಪತ್ತೊಂಬತ್ತರ ಹುಡುಗಿ, ಅಪ್ಪ ಬಿಯರ್ ಲಾರಿ ಓಡಿಸುತ್ತಿದ್ದವನು, ಮಾತು ನೇರ. ಕಾರಿನಿಂದ ನಾಲ್ಕು ಮೂಟೆ ಕಾಳು ತಾನೇ ಹೊತ್ತು ಇಳಿಸಿದ್ದು ನೋಡಿ ಡೆಲ್ಮರನಿಗೆ ಸ್ವಲ್ಪ ಗೌರವ ಬಂತು. ಅವಳು ಬಾಯಿ ತೆರೆದ ಮೇಲೆ ಅದು ಹೋಯಿತು.

"ಈ ಕಾಳಲ್ಲಿ ಸುಣ್ಣದ ಅಂಶ ಇಲ್ಲ ಮಿಸ್ಟರ್ ತೀಮನ್. ಮೂರು ವಾರ ಇದನ್ನ ಬಿಟ್ಟು ಬೇರೆ ಏನೂ ಹಾಕ್ಬಾರ್ದು. ಬಾವಿ ನೀರೂ ಬೇಡ, ಅದ್ರಲ್ಲಿ ಸುಣ್ಣ ಇದೆ. ನೀರು ನಾನೇ ಬಾಟ್ಲೀಲಿ ತಂದುಕೊಡ್ತೀನಿ."

"ಮೊಟ್ಟೆ ಇಡೋ ಕೋಳಿಗೆ ಸುಣ್ಣ ಇಲ್ದಿರೋ ಕಾಳಾ? ಬಸುರಿಗೆ ಉಪವಾಸ ಮಾಡ್ಸೋ ಡಾಕ್ಟರು ನೀವು!"

ಕೊಲೀನ್ ನಕ್ಕು ಮೂಟೆಯ ಮೇಲೆ ಕೂತಳು. ಅವನು ಕೊಟ್ಟ ಫ್ಲಾಸ್ಕಿನ ಕಾಫಿ ಕುಡಿಯುತ್ತ ವಿವರಿಸಿದಳು.

"ಮೂಳೆ ಅಂದ್ರೆ ಕಲ್ಲಲ್ಲ. ದಿನಾ ಒಂದು ಕಡೆ ಕಟ್ತಾ ಇರುತ್ತೆ, ಇನ್ನೊಂದು ಕಡೆ ಕೆಡವ್ತಾ ಇರುತ್ತೆ. ಕೆಡವೋಕೆ ಅಂತ್ಲೇ ದೊಡ್ಡ ದೊಡ್ಡ ಜೀವಕೋಶಗಳಿವೆ. ಮೂಳೆಗೆ ಅಂಟ್ಕೊಂಡು ಹುಳಿ ಬಿಟ್ಟು ಕರಗಿಸ್ತವೆ. ಕೋಳಿಗೆ ಮೊಟ್ಟೆ ಚಿಪ್ಪಿಗೆ ಸುಣ್ಣ ಬೇಕು. ತಿನ್ನೋದ್ರಲ್ಲಿ ಸಿಗ್ಲಿಲ್ಲ ಅಂದ್ರೆ ತನ್ನ ಮೂಳೇನೇ ಕರಗಿಸಿ ತಗೊಳ್ಳುತ್ತೆ. ಆವಾಗ ಈ ಕೆಡವೋರ ಗುಂಪು ದೊಡ್ಡದಾಗುತ್ತೆ. ನಂಗೆ ಬೇಕಾಗಿರೋದು ಆ ಗುಂಪು."

"ಯಾಕೆ?"

"ನಮ್ಮ ಮೈಯಲ್ಲಿ ರೋಗದ ಜೊತೆ ಹೊಡೆದಾಡೋ ಬಿಳಿ ರಕ್ತಕಣಗಳು ಒಂದಕ್ಕೊಂದು ಸುದ್ದಿ ಕಳಿಸ್ಕೊಳ್ತವೆ. ಸಣ್ಣ ಅಣುಗಳು, ಕಾಗದ ಬರೆದ ಹಾಗೆ ಅನ್ಕೊಳ್ಳಿ. ಆ ಕಾಗದ ಈ ಕೆಡವೋರ ಕೈಗೂ ಸಿಗುತ್ತೆ, ಓದ್ಕೊಂಡು ಇನ್ನೂ ಜೋರಾಗಿ ಕೆಡವ್ತಾರೆ ಅಂತ ನನ್ನ ಅನುಮಾನ. ಕೀಲುವಾತ ಇರೋರ ಬೆರಳ ಮೂಳೆ ಸವೆಯೋದು ಅದಕ್ಕೇ ಇರ್ಬೇಕು."

ಡೆಲ್ಮರ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದ. ವೆರ್ನಾಳ ಬೆರಳ ಗಂಟುಗಳು ಊದಿ ಸೊಟ್ಟಗಾಗಿ ಐದು ವರ್ಷವಾಗಿತ್ತು. ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲು ಅವಳು ಅವನನ್ನು ಕರೆಯುತ್ತಿದ್ದಳು, ಕರೆಯುವಾಗೆಲ್ಲ ಬೈಯುತ್ತಿದ್ದಳು.

"ಅಂದ್ರೆ ಜಗಳ ಇನ್ಯಾರದೋ, ಬೀಳೋ ಮನೆ ನಮ್ದು ಅಂತಾಯ್ತು," ಎಂದ.

ಕೊಲೀನ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಡೆಲ್ಮರನಿಗೆ ಅವಳ ಮೇಲಿನ ಗೌರವ ಅರ್ಧದಷ್ಟು ವಾಪಸು ಬಂತು.

ಮೊದಲ ಹನ್ನೆರಡು ಕೋಳಿಗಳು ಬಂದವು. ಡೆಲ್ಮರ್ ಗೋಡೆಗೆ ಸುಣ್ಣ ಹೊಡೆದು, ಹೊಸ ಮರದಪುಡಿ ಹರಡಿ, ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿ ಬರಮಾಡಿಕೊಂಡ. ಹೇಳಿದ ಕಾಳನ್ನೇ ಹಾಕಿದ, ಹೇಳಿದ ನೀರನ್ನೇ ಇಟ್ಟ. ಮೂರು ವಾರ ಕಳೆದರೂ ಅವನ ಕೋಳಿಗಳು ಕತ್ತೆತ್ತಿಕೊಂಡೇ ಓಡಾಡುತ್ತಿದ್ದವು. ಪ್ರಯೋಗದ ಮೊಟ್ಟೆ ತಿನ್ನುವಂತಿಲ್ಲ, ಅದರ ಬಗ್ಗೆ ಬರೆದಿಡಬೇಕೆಂದು ಯಾರೂ ಹೇಳಿರಲಿಲ್ಲ, ಗುಂಡಿಗೆ ಎಸೆಯುವುದಷ್ಟೇ. ಎಸೆಯುವ ಮುಂಚೆ ಅವನು ಒಂದೊಂದನ್ನೂ ಉಗುರಿನಿಂದ ತಟ್ಟುತ್ತಿದ್ದ. ಟಣ್ ಎನ್ನುತ್ತಿತ್ತು.

"ಸುಣ್ಣ ಇಲ್ದಿರೋ ಕಾಳು ತಿಂದೂ ಕಲ್ಲಿನಂಥ ಮೊಟ್ಟೆ! ಕೈಗುಣ ಕಣೆ ವೆರ್ನಾ," ಎಂದು ಮನೆಯಲ್ಲಿ ಹೇಳಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಪ್ರಯೋಗಾಲಯದಲ್ಲಿ ಕೊಲೀನ್ ಆ ಕೋಳಿಗಳ ಕಾಲಿನ ಮೂಳೆ ತೆರೆದು ಜೀವಕೋಶಗಳನ್ನು ಬೇರ್ಪಡಿಸಿದಳು. ಸಾವಿರಗಟ್ಟಲೆ ಸಿಗಬೇಕಾಗಿದ್ದ ಕಡೆ ನಲವತ್ತು ಸಿಕ್ಕವು. ನಲವತ್ತು ಜನರ ಕೈಗೆ ಕಾಗದ ಕೊಟ್ಟರೆಷ್ಟು ಬಿಟ್ಟರೆಷ್ಟು? ಪ್ರಯೋಗ ಅಲ್ಲಿಗೇ ನಿಂತಿತು. ಸುದ್ದಿ ಕೇಳಿದ ಡೆಲ್ಮರ್, ಎಲ್ಲೋ ಸ್ವಚ್ಛತೆ ಸಾಲದಾಯಿತು ಎಂದು ನಿರ್ಧರಿಸಿ, ಎರಡನೇ ತಂಡ ಬರುವ ಮುಂಚೆ ನೆಲ ಉಜ್ಜಿ, ಗೋಡೆಗೆ ಎರಡು ಕೈ ಸುಣ್ಣ ಹೊಡೆದ. ಆ ಸಲ ಮೂವತ್ತೊಂದು ಕೋಶ ಸಿಕ್ಕವು. ಕೊಲೀನ್ ತಲೆಯ ಮೇಲೆ ಕೈಹೊತ್ತು ಕೂತು, ಕೊನೆಗೆ ತೆಗೆದಿಟ್ಟಿದ್ದ ಕೋಳಿಗಳ ರಕ್ತ ಪರೀಕ್ಷೆ ಮಾಡಿದಳು. ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಅದೇ ಸುಣ್ಣದ ಅಂಶ, ತುಂಬಿ ತುಳುಕುತ್ತಿತ್ತು.

ಮಾರನೆಯ ಬೆಳಿಗ್ಗೆ ಅವಳ ಜೊತೆ ಪ್ರೊಫೆಸರ್ ಆರ್ಥರ್ ಪ್ಲಂಕೆಟ್ ಅವರೇ ಫಾರ್ಮಿಗೆ ಬಂದರು. ವಿಭಾಗದ ಮುಖ್ಯಸ್ಥರು, ಕತ್ತಿಗೆ ಚಿಟ್ಟೆ ಕೂತಂಥ ಟೈ, ಮೆತ್ತಗಿನ ಮಾತು. ಹದಿನೈದು ವರ್ಷದ ಹಿಂದೆ ಇದೇ ಕೋಳಿಮನೆಯ ಕೋಳಿಗಳ ಮೇಲೆ ಒಂದು ಪ್ರಬಂಧ ಬರೆದು ಹೆಸರು ಮಾಡಿದವರು. ತಿನ್ನುವುದರಲ್ಲಿ ಸುಣ್ಣ ಕಡಿಮೆಯಾದರೂ ಕೋಳಿ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ ಎಂಬುದು ಅದರ ಸಾರ. ಅಯೋವಾ ರಾಜ್ಯದ ವಿಜ್ಞಾನಿಗಳು ಅದನ್ನೇ ಮಾಡಿ ನೋಡಿದಾಗ ಅವರ ಕೋಳಿಗಳೆಲ್ಲ ಕುಂಟಿ ಮಲಗಿದ್ದವು. ಅವರಿಗೆ ಕೋಳಿ ಸಾಕಲು ಬರುವುದಿಲ್ಲ ಎಂದು ಪ್ಲಂಕೆಟ್ಟರು ಒಂದೇ ಸಾಲಿನ ಉತ್ತರ ಬರೆದಿದ್ದರು. ಇಡೀ ವಿಜ್ಞಾನದಲ್ಲಿ ಡೆಲ್ಮರನಿಗೆ ಇಷ್ಟವಾದ ಸಾಲು ಅದೊಂದೇ.

"ಡೆಲ್ಮರ್, ಬೇಜಾರ್ ಮಾಡ್ಕೋಬೇಡಿ," ಎಂದು ಪ್ರೊಫೆಸರು ಶುರುಮಾಡಿದರು. "ಪಾಪ ಅಂತ ಅನ್ನಿಸಿ, ಕನಿಕರಕ್ಕೆ, ಒಂದು ಹಿಡಿ ಸಿಂಪಿ ಚಿಪ್ಪಿನ ಪುಡಿ ಏನಾದ್ರೂ..."

"ನಾನಾ?"

"ಯಾರಿಗಾದ್ರೂ ಅನ್ಸುತ್ತೆ. ಸಹಜ."

"ನಮ್ಮಮ್ಮನಾಣೆಗೂ ಇಲ್ಲ!" ಡೆಲ್ಮರನ ದನಿಗೆ ಖಾಲಿ ಕೋಳಿಮನೆಯ ಕಿಟಕಿಯಲ್ಲಿದ್ದ ಗುಬ್ಬಚ್ಚಿಗಳು ಹಾರಿಹೋದವು. "ನೀವು ಹೇಳಿದ್ದು ನಂಗೆ ಹಿಡಿಸ್ಲಿಲ್ಲ, ಹಿಡಿಸ್ಲಿಲ್ಲ ಅಂತ ಮುಖಕ್ಕೇ ಹೇಳಿದೀನಿ. ಆದ್ರೆ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೀನಿ. ಇಪ್ಪತ್ತೇಳು ವರ್ಷದಲ್ಲಿ ಕದ್ದು ಒಂದು ಕಾಳು ಹಾಕ್ದೋನಲ್ಲ ನಾನು."

"ರಕ್ತ ಸುಳ್ಳು ಹೇಳಲ್ಲ ಮಿಸ್ಟರ್ ತೀಮನ್," ಎಂದಳು ಕೊಲೀನ್ ಮೆಲ್ಲಗೆ. "ಯಾರೋ ಕೊಡ್ತಿದಾರೆ."

"ಹಾಗಾದ್ರೆ ನಿಮ್ಮ ಕೈಯೇ ಸರಿಯಿಲ್ಲ ಡಾಕ್ಟ್ರಮ್ಮ! ಅಳೆಯೋದ್ರಲ್ಲೇ ಎಡವಟ್ಟು ಮಾಡಿದೀರ. ಕಾಫಿ ಲೋಟ ಹಿಡಿದ್ರೇ ನಡುಗುತ್ತೆ ನಿಮ್ಮ ಕೈ, ನಾನು ನೋಡಿಲ್ವಾ?"

ಕೊಲೀನಳ ಮುಖ ಕೆಂಪಾಯಿತು. ಪ್ರೊಫೆಸರು ಅವಳ ಕೈ ನೋಡಿದರು. ಒಂದು ಕ್ಷಣಕ್ಕಿಂತ ಸ್ವಲ್ಪ ಜಾಸ್ತಿಯೇ ನೋಡಿದರು. ಅವಳು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಇನ್ನೊಂದೇ ತಂಡ," ಎಂದರು ಪ್ಲಂಕೆಟ್ಟರು. "ಅದೂ ಹೀಗೇ ಆದ್ರೆ ಕೋಳಿ ಸಾಕು, ಇಲಿಗಳಲ್ಲಿ ಮಾಡೋಣ. ಈ ಕೋಳಿಮನೆ ಟ್ರಾಕ್ಟರ್ ನಿಲ್ಸೋಕೆ ಆಗುತ್ತೆ. ನಿಮ್ಮನ್ನ ಕೈಬಿಡಲ್ಲ ಡೆಲ್ಮರ್. ಪಟ್ಟಣದ ಕಟ್ಟಡದ ನೆಲಮಾಳಿಗೇಲಿ ಇಲಿ ಪಂಜರ ತೊಳೆಯೋಕೆ ಒಬ್ರು ಬೇಕು."

ಇದನ್ನು ಅವರು ತುಂಬ ಪ್ರೀತಿಯಿಂದ ಹೇಳಿದರು. ಬೈದಿದ್ದರೆ ಡೆಲ್ಮರನಿಗೆ ಅಷ್ಟು ಉರಿಯುತ್ತಿರಲಿಲ್ಲ. ಕಿಟಕಿಯಿಲ್ಲದ ನೆಲಮಾಳಿಗೆ, ಕೂಗಲೂ ಬಾರದ ಇಲಿ! ಅಲ್ಲಿಗೆ ಹೋಗುವ ಬದಲು ಸತ್ತರೂ ಸರಿ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಸಂಜೆ ಊಟಕ್ಕೆ ಕೂತಾಗ ವೆರ್ನಾ ಹಂದಿಮಾಂಸ, ಹುಳಿ ಕೋಸು ಬಡಿಸುತ್ತ ಎಲ್ಲ ಕೇಳಿದಳು.

"ಕೊನೆಗೂ ಸಿಕ್ಕಿಬಿದ್ಯಾ?"

"ನಾನು ಹಾಕಿಲ್ಲ ಅಂದ್ನಲ್ಲ!"

"ಹೌದೌದು. ಡಾಕ್ಟ್ರು ಬೇಡ ಅಂದ್ರೂ ನಮ್ಮ ನಾಯಿಗೆ ಮೇಜಿನ ಕೆಳಗೆ ಸಾಸೇಜ್ ಕೊಟ್ಟೋನೂ ನೀನಲ್ಲ."

"ಅದು ಬೇರೆ ವಿಷಯ."

"ನಾಯಿ ಸತ್ತಿದ್ದೂ ಬೇರೆ ವಿಷಯಾನೇ ಬಿಡು." ವೆರ್ನಾ ಕೋಸಿನ ಪಾತ್ರೆ ಕೆಳಗಿಟ್ಟಳು. "ಅಲ್ಲ ಮುದುಕಪ್ಪ, ಆ ಹುಡುಗಿ ಕೈ ನಡುಗುತ್ತೆ ಅಂತ ಅವಳ ಯಜಮಾನ್ರ ಎದುರಿಗೇ ಅಂದ್ಯಾ?"

"ನಡುಗುತ್ತೆ, ಅಂದೆ."

"ನನ್ನ ಕೈನೂ ನಡುಗುತ್ತೆ. ನಾಳೆಯಿಂದ ನಾನು ಮಾಡಿದ್ದು ತಿನ್ಬೇಡ."

ಡೆಲ್ಮರ್ ತಟ್ಟೆಯಲ್ಲಿದ್ದುದನ್ನು ತಿಂದು ಮುಗಿಸಿದ.

ಮೂರನೇ ತಂಡ ಬರುವ ಮುಂಚೆ ಅವನು ಯುದ್ಧಕ್ಕೆ ನಿಂತವನಂತೆ ನಿಂತ. ಮೊದಲು ಗೋಡೆಗೆ ಮೂರು ಕೈ ಸುಣ್ಣ. ಆಮೇಲೆ ಮರದಪುಡಿಯನ್ನು ಜರಡಿ ಹಿಡಿದ. ಗುಬ್ಬಚ್ಚಿಗಳು ಏನಾದರೂ ತಂದು ಬೀಳಿಸುತ್ತವೆಯೇನೋ ಎಂದು ಕಿಟಕಿಗೆ ಬಲೆ ಕಟ್ಟಿದ. ಕಾಳಿನ ಮೂಟೆಯನ್ನೇ ಅನುಮಾನಿಸಿ, ಒಂದು ಹಿಡಿಯನ್ನು ಊಟದ ಡಬ್ಬಿಯಲ್ಲಿ ಹಾಕಿ ಪಟ್ಟಣದಲ್ಲಿ ಪರೀಕ್ಷೆಗೆ ಕೊಟ್ಟು ಬಂದ. ಸುಣ್ಣ ಇಲ್ಲ ಎಂದೇ ಉತ್ತರ ಬಂತು. ಅವನು ಮರೆತು ಅದೇ ಡಬ್ಬಿಯಲ್ಲಿ ಉಳಿಸಿದ್ದನ್ನು ವೆರ್ನಾ ಓಟ್ಸ್ ಎಂದುಕೊಂಡು ಬೇಯಿಸಿದ್ದು ಸಣ್ಣ ಗಲಾಟೆ, ಅದು ಇಲ್ಲಿ ಬೇಡ. ಕೊನೆಗೆ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಹಗಲಿಡೀ ಕೋಳಿಮನೆಯೊಳಗೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ.

ಮಂಗಳವಾರ ಕೊಲೀನ್ ನೀರಿನ ಬಾಟಲಿ ತಂದಳು. ಡೆಲ್ಮರ್ ರೂಢಿಯಂತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಚಾಚಿದ.

"ಬೇಡ ಮಿಸ್ಟರ್ ತೀಮನ್. ಕಾಫಿ ಬಿಟ್ಟಿದೀನಿ."

"ಯಾವಾಗಿಂದ?"

"ಹೋದ ವಾರದಿಂದ," ಎಂದು ಬಾಟಲಿಗಳನ್ನು ಇಳಿಸಿ ಹೊರಟಳು. ಹೊರಡುವಾಗ, ಪ್ರೊಫೆಸರು ತನ್ನ ಅಳತೆಗಳನ್ನೆಲ್ಲ ಬೇರೊಬ್ಬರ ಕೈಲಿ ಮತ್ತೆ ಮಾಡಿಸುತ್ತಿದ್ದಾರೆ ಎಂದೂ, ಈ ತಂಡವೂ ಕೈಕೊಟ್ಟರೆ ತನಗೆ ಸೆಪ್ಟೆಂಬರಿನ ನಂತರ ಜಾಗವಿಲ್ಲ ಎಂದೂ ಯಾರದೋ ಸುದ್ದಿ ಹೇಳುವವಳಂತೆ ಹೇಳಿದಳು. ಬಗ್ಗಿಸಿದ ಕಾಫಿಯನ್ನು ಡೆಲ್ಮರನೇ ಕುಡಿದ. ಯಾಕೋ ರುಚಿಸಲಿಲ್ಲ.

ಐದನೇ ದಿನ ಮಧ್ಯಾಹ್ನ ಅವನು ಬಕೆಟ್ಟಿನ ಮೇಲೆ ಕೂತು ಬ್ರೆಡ್ಡಿನ ನಡುವೆ ಲಿವರ್ ಸಾಸೇಜ್ ಇಟ್ಟುಕೊಂಡು ತಿನ್ನುತ್ತಿದ್ದ. ಮೂವತ್ತೊಂದನೇ ನಂಬರಿನ ಕೋಳಿ, ಹುಬ್ಬು ಗಂಟಿಕ್ಕಿದಂಥ ಮುಖದ್ದು, ಕಾಳಿನ ತೊಟ್ಟಿ ದಾಟಿ, ನೀರಿನ ಬೋಗುಣಿ ದಾಟಿ, ನೆಟ್ಟಗೆ ಗೋಡೆಯ ಹತ್ತಿರ ಹೋಯಿತು. ಒಂದು ಕಣ್ಣಿನಿಂದ ಡೆಲ್ಮರನನ್ನು ನೋಡಿತು. ಆಮೇಲೆ ಟಕ್, ಟಕ್, ಟಕ್ ಎಂದು ಗೋಡೆ ಕುಕ್ಕಿ, ಬಿದ್ದ ಬಿಳಿ ಚಕ್ಕೆಯನ್ನು ನುಂಗಿತು. ಅದರ ಹಿಂದೆ ಇಪ್ಪತ್ತೆಂಟು ಬಂತು. ಇಪ್ಪತ್ತೊಂಬತ್ತು, ಮೂವತ್ತಾರು ಬಂದವು. ಪಂಕ್ತಿಯಲ್ಲಿ ಊಟಕ್ಕೆ ಕೂತವರಂತೆ ಹನ್ನೆರಡೂ ಗೋಡೆಗೆ ಮುಖಮಾಡಿ ನಿಂತು ಸುಣ್ಣ ತಿಂದವು.

ಡೆಲ್ಮರ್ ಗೋಡೆ ನೋಡಿದ. ಕೆಳಗಿನಿಂದ ಕೋಳಿಯ ಕತ್ತು ನಿಲುಕುವಷ್ಟು ಎತ್ತರಕ್ಕೆ, ಸುತ್ತಲೂ, ಐದೇ ದಿನದಲ್ಲಿ ಮೂರು ಕೈ ಸುಣ್ಣ ಹೋಗಿ ಇಟ್ಟಿಗೆ ಕಾಣುತ್ತಿತ್ತು. ಇದನ್ನು ಅವನು ಮೊದಲೂ ನೋಡಿದ್ದ. ಪ್ರತಿ ಸಲವೂ ನೋಡಿದ್ದ. ಇಪ್ಪತ್ತೇಳು ವರ್ಷದಿಂದ, ಇದು ನೆಲದ ಥಂಡಿ, ಥಂಡಿಗೆ ಸುಣ್ಣ ನಿಲ್ಲುವುದಿಲ್ಲ ಎಂದುಕೊಂಡು ಅಲ್ಲಿಗೆ ಕುಂಚದಿಂದ ಎರಡು ಏಟು ಜಾಸ್ತಿಯೇ ಕೊಡುತ್ತ ಬಂದಿದ್ದ. ಕೈಯಿಂದ ಬ್ರೆಡ್ಡು ಜಾರಿತು. ಮೂವತ್ತೊಂದನೇ ನಂಬರು ಅದನ್ನೂ ಕಚ್ಚಿಕೊಂಡು ಓಡಿತು.

ಮೊದಲು ಬಂದದ್ದು ನಗು ಅಲ್ಲ, ಹೆದರಿಕೆ. ಅದರ ಹಿಂದೆಯೇ ಒಂದು ಉಪಾಯವೂ ಬಂತು. ತಂಡ ಬಂದು ಐದೇ ದಿನವಾಗಿದೆ. ಇವತ್ತೇ ಗೋಡೆ ಕೆರೆದುಬಿಟ್ಟರೆ ಕೋಳಿಗಳಿಗೆ ಸುಣ್ಣ ನಿಲ್ಲುತ್ತದೆ, ಕೋಶಗಳು ಸಾವಿರಗಟ್ಟಲೆ ಬರುತ್ತವೆ, ಕೋಳಿಮನೆ ಉಳಿಯುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಿಂದಿನ ಎರಡು ತಂಡ ಯಾಕೆ ಕೆಟ್ಟವು ಎಂದು ಕೇಳಿದರೆ ಪ್ರೊಫೆಸರ ಹತ್ತಿರ ಉತ್ತರ ತಯಾರಾಗಿಯೇ ಇದೆ. ಆ ಉತ್ತರವನ್ನು ಡೆಲ್ಮರನೇ ಒದಗಿಸಿದ್ದಾನೆ.

ಎದ್ದು ಕೋಳಿಮನೆಯನ್ನು ಹೊರಗಿನಿಂದ ಎರಡು ಸುತ್ತು ಹಾಕಿದ. ಇಂಥ ಹೊತ್ತಿನಲ್ಲಿ ಮನುಷ್ಯ ದೇವರನ್ನು ನೆನೆಯಬೇಕು. ಡೆಲ್ಮರನಿಗೆ ನೆನಪಾದದ್ದು ಕೋಟಿನ ಜೇಬಿಗೆ ಇಳಿದ ಆ ಎರಡು ಕೈ. ಥೂ ಎಂದು ತನ್ನ ಮೇಲೇ ಉಗಿದುಕೊಂಡು ಕಾಳಿನ ಕೋಣೆಗೆ ಹೋಗಿ ಫೋನ್ ಎತ್ತಿದ.

"ಡಾಕ್ಟ್ರಮ್ಮ, ಕಳ್ಳ ಸಿಕ್ಕ."

"ಯಾರು?"

"ಬನ್ನಿ ಇಲ್ಲಿಗೆ. ಪ್ರೊಫೆಸರ್ನೂ ಕರ್ಕೊಂಡ್ ಬನ್ನಿ. ಒಬ್ಬೊಬ್ರಿಗೇ ಬೇರೆ ಬೇರೆ ಹೇಳೋಷ್ಟು ಧೈರ್ಯ ನಂಗಿಲ್ಲ."

ಒಂದು ಗಂಟೆಯಲ್ಲಿ ಇಬ್ಬರೂ ಬಂದರು. ಡೆಲ್ಮರ್ ಗೋಡೆ ತೋರಿಸಿದ. ಕೋಳಿಗಳೇನು ಮುಚ್ಚಿಡುವ ಜಾತಿಯಲ್ಲ, ಬಂದವರ ಎದುರಿಗೇ ಕುಕ್ಕಿದವು. ಕೊಲೀನ್ ಮಂಡಿಯೂರಿ ಕೂತು, ಬೆರಳಿಂದ ಗೋಡೆ ಕೆರೆದು, ನಾಲಿಗೆಗೆ ಹಚ್ಚಿಕೊಂಡಳು.

"ಸುಣ್ಣ," ಎಂದಳು.

"ನಾನೇ ಹೊಡೆದಿದ್ದು. ಮೊದಲ್ನೇ ತಂಡಕ್ಕೆ ಒಂದು ಕೈ. ಕೆಡ್ತು ಅಂದ್ರಿ, ಎರಡು ಕೈ ಹೊಡೆದೆ. ಅದೂ ಕೆಡ್ತು ಅಂದ್ರಿ, ಮೂರು ಕೈ ಹೊಡೆದೆ."

ಕೊಲೀನಳಿಗೆ ಮೊದಲು ಬಿಕ್ಕಳಿಕೆ ಬಂದಂತಾಯಿತು. ಆಮೇಲೆ ಅದು ನಗುವಾಗಿ, ತಡೆಯಲಾರದೆ ಮರದಪುಡಿಯ ಮೇಲೆಯೇ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಡೆಲ್ಮರ್ ನಗಲಿಲ್ಲ. ಅವಳು ನಕ್ಕು ಮುಗಿಸುವವರೆಗೂ ಕಾದು ನಿಂತಿದ್ದ.

"ನಿಮ್ಮ ಕೈ ಸರಿಯಾಗೇ ಇದೆ ಡಾಕ್ಟ್ರಮ್ಮ. ನಾನಂದಿದ್ದು ತಪ್ಪು. ಇವರ ಎದುರಿಗೆ ಅಂದಿದ್ದೆ,  ಅದಕ್ಕೇ ಇವರ ಎದುರಿಗೇ ಹೇಳ್ತಿದೀನಿ."

"ನಡುಗೋದು ನಿಜಾನೇ ಮಿಸ್ಟರ್ ತೀಮನ್," ಎಂದು ಅವಳು ಕಣ್ಣೊರೆಸಿಕೊಂಡಳು. "ದಿನಕ್ಕೆ ಹತ್ತು ಕಪ್ ಕಾಫಿ ಕುಡೀತಿದ್ದೆ."

ಪ್ಲಂಕೆಟ್ಟರು ಮಾತ್ರ ಬೆರಳು ಮಡಿಸುತ್ತ ವರ್ಷಗಳ ಲೆಕ್ಕ ಹಾಕುತ್ತಿದ್ದರು. ಅವರ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು. ಮೆಲ್ಲಗೆ ಬಂದು ಡೆಲ್ಮರನ ಬಕೆಟ್ಟಿನ ಮೇಲೆ ಕೂತರು.

"ಡೆಲ್ಮರ್, ಎಪ್ಪತ್ತೊಂದರಲ್ಲಿ..."

"ಏನು ಸಾರ್?"

"ನನ್ನ ಕೋಳಿಗಳು ಇಲ್ಲಿದ್ದಾಗ... ಆವಾಗ್ಲೂ ಸುಣ್ಣ ಹೊಡೀತಿದ್ರಾ?"

"ಹೊಡೀದೆ ಇರ್ತೀನಾ ಸಾರ್! ನಿಮ್ಮ ಕೋಳಿಗಳು ಅಂತ ಒಂದು ಕೈ ಜಾಸ್ತಿನೇ ಹೊಡೆದಿದ್ದೆ."

ಪ್ರೊಫೆಸರು ಟೈ ಸಡಿಲಿಸಿದರು. ಬಹಳ ಹೊತ್ತು ಗೋಡೆಯನ್ನೂ, ಅದರ ಹತ್ತಿರ ಆರಾಮಾಗಿ ಊಟ ಮಾಡುತ್ತಿದ್ದ ಕೋಳಿಗಳನ್ನೂ ನೋಡಿದರು.

"ಅಯೋವಾದವರ ಜೊತೆ ನಾಲ್ಕು ವರ್ಷ ಜಗಳ ಆಡಿದೀನಿ ನಾನು," ಎಂದರು ಕೊನೆಗೆ. "ಅವರಲ್ಲೊಬ್ಬ ಈಗ ನಿವೃತ್ತನಾಗಿ ಮೀನು ಹಿಡೀತಾ ಕೂತಿದಾನೆ. ಅವನಿಗೊಂದು ಪತ್ರ ಬರೀಬೇಕು. ಆಮೇಲೆ ಪತ್ರಿಕೆಗೊಂದು."

ಅವರು ಬರೆಯುವುದಿಲ್ಲ ಎಂದು ಡೆಲ್ಮರ್ ಮನಸ್ಸಿನಲ್ಲೇ ಅಂದುಕೊಂಡ. ಆದರೆ ಅವರು ಅಲ್ಲಿಯೇ, ಬಕೆಟ್ಟಿನ ಮೇಲೆಯೇ ಕೂತು, ಜೇಬಿನಿಂದ ಪೆನ್ನು ತೆಗೆದರು.

ಕೋಳಿಗಳನ್ನು ಸುಣ್ಣ ಕಾಣದ ಪಕ್ಕದ ಮರದ ಕೊಟ್ಟಿಗೆಗೆ ಸಾಗಿಸಿ ಡೆಲ್ಮರ್ ನಾಲ್ಕು ದಿನ ಗೋಡೆ ಕೆರೆದ. ಕೋಳಿಗೆ ನಿಲುಕದ ಕಡೆ ಇಪ್ಪತ್ತೇಳು ವರ್ಷದ ಸುಣ್ಣ ರೊಟ್ಟಿಯಷ್ಟು ದಪ್ಪಗೆ ಏಳುತ್ತಿತ್ತು. ಒಂದೊಂದು ಚಕ್ಕೆ ಬಿದ್ದಾಗಲೂ ಮೈ ಚರ್ಮ ಸುಲಿದಂತಾಗಿ ಅವನು ಜರ್ಮನ್ ಭಾಷೆಯಲ್ಲಿ ಬೈದ. ಆ ಭಾಷೆಯಲ್ಲಿ ಅವನಿಗೆ ಬರುತ್ತಿದ್ದುದು ಬೈಗುಳ ಮತ್ತು ಪ್ರಾರ್ಥನೆ ಮಾತ್ರ. ಕಡೆಗೆ ಉಳಿದದ್ದು ಬೋಳು ಇಟ್ಟಿಗೆ. ಅದನ್ನು ತೊಳೆದು ಒಣಗಿಸಿ ಕೋಳಿಗಳನ್ನು ವಾಪಸು ಬಿಟ್ಟ.

ಮೂರನೇ ವಾರ ಮೊದಲ ತೆಳು ಮೊಟ್ಟೆ ಬಿತ್ತು. ಚಿಪ್ಪೇ ಇಲ್ಲ, ಒದ್ದೆ ಚೀಲದ ಹಾಗೆ ಬೆರಳಿನಿಂದ ಜಾರುತ್ತಿತ್ತು. ಐವತ್ತು ವರ್ಷದ ಕೋಳಿ ಸಾಕಣೆಯಲ್ಲಿ ಇಂಥ ಮೊಟ್ಟೆಯನ್ನು ಕಂಡರೆ ಅವನು ನೆರೆಯವರಿಗೆ ಕಾಣದಂತೆ ಹೂಳುತ್ತಿದ್ದ. ಕೊಲೀನ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಣಿದಳು.

"ನೋಡಿ ನೋಡಿ, ಎಷ್ಟು ಚೆನ್ನಾಗಿದೆ! ಮಿಸ್ಟರ್ ತೀಮನ್, ನಾವು ಗೆದ್ವಿ!"

"ಇದು ಗೆಲುವು ಅಂದ್ರೆ ಸೋಲು ಹೇಗಿರುತ್ತೆ ಅಂತ ನಂಗೆ ತೋರಿಸ್ಬೇಡಿ," ಎಂದ ಡೆಲ್ಮರ್. ಆದರೂ ನಕ್ಕ. ಕೋಳಿಮನೆ ಉಳಿಯಿತು ಎಂದು ಅವನಿಗೆ ಆಗಲೇ ಗೊತ್ತಾಗಿತ್ತು.

ತಂಡವನ್ನು ಪಟ್ಟಣಕ್ಕೆ ಕಳಿಸುವ ದಿನ ಅವನು ಮೂವತ್ತೊಂದನೇ ನಂಬರನ್ನು ಎಂದಿನಂತೆ ಕಾಲು ಹಿಡಿದು ಎತ್ತಿದ. ಅಪ್ಪ ಎತ್ತುತ್ತಿದ್ದದ್ದು ಹಾಗೆ, ಊರವರೆಲ್ಲ ಎತ್ತುವುದು ಹಾಗೆ. ಕೈಯೊಳಗೆ ಒಣಕಡ್ಡಿ ಮುರಿದಂತೆ ಸಣ್ಣ ಸದ್ದಾಯಿತು. ಕೋಳಿ ಕೂಗಲಿಲ್ಲ. ಕಾಲು ಜೋತುಬಿದ್ದಿತ್ತು. ಡೆಲ್ಮರ್ ಅದನ್ನು ಎದೆಗೆ ಒತ್ತಿಕೊಂಡು ಮರದಪುಡಿಯ ಮೇಲೆ ಕೂತುಬಿಟ್ಟ. ಸಾಯಲಿರುವ ಕೋಳಿಗಾಗಿ ಅಳುವ ಮುದುಕನನ್ನು ಯಾರೂ ನೋಡದಿದ್ದುದೇ ಪುಣ್ಯ ಎಂದುಕೊಂಡ. ಉಳಿದ ಹನ್ನೊಂದನ್ನು ಒಂದೊಂದಾಗಿ ಎದೆಯ ಅಡಿಗೆ ಕೈಕೊಟ್ಟು ಎತ್ತಿ ಪೆಟ್ಟಿಗೆಗೆ ಇಳಿಸಿದ. ಬೇಗ ಮುಗಿಯುವ ಕೆಲಸಕ್ಕೆ ಅವತ್ತು ಒಂದು ಗಂಟೆ ಹಿಡಿಯಿತು.

ಒಂದು ವಾರದ ನಂತರ ಕೊಲೀನ್ ಅವನನ್ನು ಪ್ರಯೋಗಾಲಯಕ್ಕೆ ಕರೆದಳು. ಇಪ್ಪತ್ತೇಳು ವರ್ಷದಲ್ಲಿ ಯಾರೂ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿರಲಿಲ್ಲ. ಅವನು ಭಾನುವಾರದ ಕೋಟು ಹಾಕಿಕೊಂಡು ಹೋದ.

ಮೂಳೆಯ ತೆಳು ಬಿಲ್ಲೆಯ ಮೇಲೆ ದೊಡ್ಡ ದೊಡ್ಡ ಕೋಶಗಳು ಹಿಟ್ಟು ಚೆಲ್ಲಿದಂತೆ ಹರಡಿ ಕೂತಿದ್ದವು. ಕೂತಲ್ಲೇ ಗುಂಡಿ ತೋಡುತ್ತಿದ್ದವು. ಬಿಳಿ ರಕ್ತಕಣಗಳ ಆ ಕಾಗದ ತಲುಪಿದ ಬಿಲ್ಲೆಯ ಮೇಲೆ ಗುಂಡಿಗಳು ಎರಡರಷ್ಟಿದ್ದವು. ಕೊಲೀನಳ ಅನುಮಾನ ಸರಿಯಾಗಿತ್ತು.

"ಈಗ ಇದು ನೋಡಿ," ಎಂದು ಅವಳು ಕಾಗದ ತಲುಪದ ಇನ್ನೊಂದು ತಟ್ಟೆಗೆ ಕ್ಯಾಲ್ಸಿಯಂ ಕರಗಿಸಿದ ನೀರನ್ನು ಬಿಟ್ಟಳು. ಡೆಲ್ಮರ್ ಕಣ್ಣು ಕೀಲಿಸಿ ನೋಡಿದ. ಸ್ವಲ್ಪ ಹೊತ್ತಿಗೆ ಆ ದೊಡ್ಡ ಕೋಶ ಅಂಚು ಎಳೆದುಕೊಂಡಿತು, ಕುಗ್ಗಿತು, ಮೂಳೆ ಬಿಟ್ಟಿತು.

"ಕರಗಿಸಿದ ಸುಣ್ಣ ಸುತ್ತಲೂ ಜಾಸ್ತಿ ಆದ್ರೆ ಅದಕ್ಕೇ ಗೊತ್ತಾಗುತ್ತೆ," ಎಂದಳು ಕೊಲೀನ್. "ಸಾಕು ಅಂತ ಬಿಟ್ಟುಬಿಡುತ್ತೆ."

"ಸಾಕು ಅನ್ನೋದು ಗೊತ್ತಿರೋ ಪ್ರಾಣೀನ ಮೊದಲ್ನೇ ಸಲ ನೋಡ್ತಿದೀನಿ. ನಮ್ಮ ಚರ್ಚಿನ ಊಟಕ್ಕೆ ಒಂದ್ಸಲ ಕಳಿಸಿ ಇದನ್ನ." ಕಣ್ಣು ತೆಗೆಯದೆಯೇ ಮತ್ತೆ ಕೇಳಿದ. "ಮತ್ತೆ, ಆ ಕಾಗದ ಬಂದಾಗ? ಆವಾಗ್ಲೂ ಬಿಡುತ್ತಾ?"

"ಆವಾಗ ಸಾಕು ಅನ್ನೋದು ಅಷ್ಟು ಬೇಗ ಕಿವಿಗೆ ಬೀಳಲ್ಲ ಅನ್ಸುತ್ತೆ. ಖಾತ್ರಿ ಇಲ್ಲ. ಅದು ತಿಳ್ಕೊಳ್ಳೋಕೆ ಇನ್ನೂ ಎರಡು ವರ್ಷ ಕೋಳಿ ಬೇಕು. ಪ್ರೊಫೆಸರ್ ಒಪ್ಪಿದಾರೆ." ಅವಳು ಬಿಳಿ ಹಾಳೆಯೊಂದನ್ನು ಅವನ ಕಡೆ ಸರಿಸಿದಳು. "ಒಂದು ಷರತ್ತಿದೆ. ಕೋಳಿ ಹೇಗೆ ಸಾಕ್ಬೇಕು ಅಂತ ನೀವೇ ಬರೆದುಕೊಡ್ಬೇಕಂತೆ. ಅವರ ತಿದ್ದುಪಡಿ ಪತ್ರದ ಜೊತೆ ಅಚ್ಚಾಗುತ್ತೆ. ಅಯೋವಾದವರೂ ಓದ್ತಾರೆ."

ಅವತ್ತು ಸಂಜೆ ಡೆಲ್ಮರ್ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತ. ವೆರ್ನಾ ಎದುರಿಗೆ ಕೂತು ಅವನು ಬರೆದದ್ದನ್ನೆಲ್ಲ ಜೋರಾಗಿ ಓದುತ್ತ ಹೋದಳು. ಗೋಡೆಗೆ ಏನೂ ಬಳಿಯಬಾರದು. ನೀರು ಬಾಟಲಿಯದೇ ಆಗಬೇಕು. ಮೊಟ್ಟೆಗಳನ್ನು ಎಸೆಯುವ ಮುಂಚೆ ತಟ್ಟಿ ನೋಡಿ ಬರೆದಿಡಬೇಕು. ಮೊಟ್ಟೆ ಗಟ್ಟಿಯಾಗಿದ್ದರೆ ಹೆಮ್ಮೆಪಡಬಾರದು.

"ಇದು ಯಾರಿಗೆ ಬರೆದಿದ್ದು ಅಂತ ಗೊತ್ತಾಯ್ತು," ಎಂದು ವೆರ್ನಾ ಕಿಸಕ್ಕನೆ ನಕ್ಕಳು.

ಆಮೇಲೆ ಕೊನೆಯ ಸಾಲಿಗೆ ಬಂದಳು. ಅದನ್ನು ಜೋರಾಗಿ ಓದಲಿಲ್ಲ. ಸೊಟ್ಟ ಬೆರಳನ್ನು ಅಕ್ಷರಗಳ ಕೆಳಗೆ ಮೆಲ್ಲಗೆ ಎಳೆಯುತ್ತ ಎರಡು ಸಲ ಓದಿಕೊಂಡಳು.

ಈ ಕಾಳು ತಿಂದು ಮೂರು ವಾರವಾದ ಕೋಳಿಯನ್ನು ಕಾಲು ಹಿಡಿದು ಎತ್ತಬೇಡಿ, ಎದೆಯ ಅಡಿಗೆ ಕೈಕೊಟ್ಟು ಎತ್ತಿ, ಅದು ತನಗೆಂದು ಏನನ್ನೂ ಇಟ್ಟುಕೊಂಡಿಲ್ಲ ಎಂದು ಅಲ್ಲಿ ಬರೆದಿತ್ತು.

"ಇದು ವಿಜ್ಞಾನ ಅಲ್ಲ ಅಂತ ಹೊಡೆದು ಹಾಕ್ತಾರೆ ಕಣೋ," ಎಂದಳು.

"ಹೊಡೆದು ಹಾಕಿದ್ರೆ, ಉಳಿದಿದ್ದನ್ನೂ ವಾಪಸ್ ಕೊಡಿ ಅಂತೀನಿ," ಎಂದ ಡೆಲ್ಮರ್, ಕೆಳಗೆ ತನ್ನ ಪೂರ್ತಿ ಹೆಸರು ಬರೆದ.